ಯಾರೂ ಕೊಡದ ಆಜ್ಞೆ: ಕೊಡಗಿನ ತೋಟವೊಂದರ ಪ್ರಕರಣ ಅಧ್ಯಯನ

ಕಾಳುಮೆಣಸಿನ ಕೊಯ್ಲಿನ ತಿಂಗಳುಗಳಲ್ಲಿ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ತೋಟದ ಕಾರ್ಮಿಕರು ಸತ್ತ ಸುದ್ದಿ ಕೊಡಗಿನಲ್ಲಿ ಹೊಸದಲ್ಲ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದು ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ. ಓದಿದವರು ‘ಮೇಲೆ ನೋಡಬಾರದಿತ್ತೇ’ ಎಂದುಕೊಂಡು ಪುಟ ತಿರುಗಿಸುತ್ತಾರೆ. ನಾನು ಇಲ್ಲಿ ದಾಖಲಿಸುತ್ತಿರುವ ಪ್ರಕರಣದಲ್ಲಿ ಯಾರೂ ಸಾಯಲಿಲ್ಲ, ಯಾರಿಗೂ ಗಾಯವೂ ಆಗಲಿಲ್ಲ. ಆದ್ದರಿಂದಲೇ ಅದರಲ್ಲಿದ್ದ ಎಲ್ಲರನ್ನೂ ಕೂರಿಸಿಕೊಂಡು ‘ನೀವು ಮೇಲೆ ನೋಡಿದ್ದಿರಾ?’ ಎಂದು ಕೇಳಲು ಸಾಧ್ಯವಾಯಿತು. ಹೆಚ್ಚಿನವರು ನೋಡಿದ್ದರು. ನೋಡಿಯೂ ಹೆಜ್ಜೆ ಮುಂದಿಟ್ಟಿದ್ದರು.

ನಾನು ಪದವಿ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವನು. ತೋಟ ನನ್ನ ಅಕ್ಕನ ಗಂಡನದು. ಸಂಬಂಧಪಟ್ಟವರ ಗುರುತು ಸಿಗಬಾರದೆಂದು ಹೆಸರುಗಳನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ಬಿಡಲಾಗದ ವಿವರವೊಂದಿದೆ. ಘಟನೆ ನಡೆದಾಗ ನಾನು ಅಲ್ಲೇ ಇದ್ದೆ, ಮತ್ತು ಈ ಬರಹದಲ್ಲಿ ವಿವರಿಸಲಿರುವ ತಪ್ಪುಗಳ ಸರಪಳಿಯಲ್ಲಿ ಒಂದು ಕೊಂಡಿ ನನ್ನದು.

ಸ್ಥಳ ಮತ್ತು ಜನ

ಸಿದ್ದಾಪುರದಿಂದ ಪಾಲಿಬೆಟ್ಟದ ಕಡೆಗೆ ಹೋಗುವ ದಾರಿಯ ಒಳಭಾಗದಲ್ಲಿ ಈ ತೋಟವಿದೆ. ರೊಬಸ್ಟಾ ಕಾಫಿ, ನೆರಳಿಗೆ ಸಿಲ್ವರ್ ಓಕ್ ಮತ್ತು ಹಾಲವಾಣ, ಆ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಈ ಭಾಗದ ಹೆಚ್ಚಿನ ತೋಟಗಳ ಹಾಗೆಯೇ. ತೋಟದ ಕೆಳಗಿನ ಬ್ಲಾಕಿನ ನಡುವೆ 11 ಕೆ.ವಿ. ವಿದ್ಯುತ್ ಮಾರ್ಗವೊಂದು ಹಾದುಹೋಗುತ್ತದೆ. ಇಳಿಜಾರಿನ ಕಾರಣಕ್ಕೆ ಒಂದು ಕಡೆ ತಂತಿ ನೆಲದಿಂದ ಸುಮಾರು 20 ಅಡಿ ಎತ್ತರದಲ್ಲಷ್ಟೇ ಇದೆ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯ ಉದ್ದ 24 ಅಡಿ. ಲೆಕ್ಕ ಇಷ್ಟು ಸರಳವಾಗಿರುವುದರಿಂದಲೇ ‘ಏಣಿಯನ್ನು ಮಲಗಿಸಿಯೇ ಸಾಗಿಸಬೇಕು’ ಎಂದು ಗೋದಾಮಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಲಾಗಿತ್ತು. ಆ ಬರಹಕ್ಕೆ ಆಗಲೇ ಕೆಲವು ವರ್ಷ ಕಳೆದಿತ್ತು. ಅದನ್ನು ಓದಲು ಬಾರದವರಿಗೂ ಅದರ ಅರ್ಥ ಗೊತ್ತಿತ್ತು.

ಅಂದು ಏಣಿಯ ಜೊತೆಗಿದ್ದವರು ಆರು ಜನ. ಇಪ್ಪತ್ತೆರಡು ವರ್ಷದಿಂದ ಅದೇ ತೋಟದಲ್ಲಿರುವ ಮೇಸ್ತ್ರಿ; ಕಾರ್ಮಿಕರ ವಸತಿಯಾದ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದ ಇಬ್ಬರು, ಸಂಬಂಧದಲ್ಲಿ ಅವರು ಭಾವ ಮೈದುನರು; ಅಸ್ಸಾಮಿನಿಂದ ಬಂದು ಎರಡನೆಯ ಹಂಗಾಮು ಕಳೆಯುತ್ತಿದ್ದ ಇಬ್ಬರು; ಮತ್ತು ಪಿಯುಸಿ ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿ ಮೂರು ವಾರವಷ್ಟೇ ಆಗಿದ್ದ ಹತ್ತೊಂಬತ್ತರ ಹುಡುಗ. ಇವರಲ್ಲದೆ, ಉದುರಿದ ಮೆಣಸು ಆಯುತ್ತಿದ್ದ ಒಬ್ಬ ಮುದುಕಿ ಸ್ವಲ್ಪ ದೂರದಲ್ಲಿದ್ದರು. ತೋಟದಲ್ಲಿ ಎಲ್ಲರೂ ಅವರನ್ನು ಅಜ್ಜಿ ಎಂದೇ ಕರೆಯುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ರಜೆಯಲ್ಲಿದ್ದುದರಿಂದ ತೂಕದ ಪುಸ್ತಕ ಹಿಡಿದು ಕೂತಿದ್ದವನು ನಾನು.

ಆ ಶನಿವಾರ

ಮಾರ್ಚ್ ಮೊದಲ ವಾರ. ರೊಬಸ್ಟಾಕ್ಕೆ ಹೂಮಳೆ ಸಕಾಲಕ್ಕೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಬೇಕು, ಹೂ ಅರಳಿದ ಮೇಲೆ ಗಿಡಗಳ ನಡುವೆ ಏಣಿ ಎಳೆದಾಡುವಂತಿಲ್ಲ. ಹಾಗಾಗಿ ನೀರು ಹಾಯಿಸುವ ಮುನ್ನ ಆ ಬ್ಲಾಕಿನ ಮೆಣಸು ಇಳಿಸಿ ಮುಗಿಸುವುದು ಎಲ್ಲರ ಇಚ್ಛೆ. ಕೆಳಗಿನ ಬ್ಲಾಕಿನಲ್ಲಿ ಸುಮಾರು ಮೂವತ್ತು ಮರ ಉಳಿದಿದ್ದವು. ಅಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ನಾನು ಕೂತಿದ್ದ ಬಂಡೆಯ ಮೇಲೆ ಮಾತ್ರ.

ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಭಾವ ಬೆಂಗಳೂರಿನಿಂದ ಫೋನ್ ಮಾಡಿದರು. ಅವರು ಹೇಳಿದ್ದು: ‘ನಾಳೆ ಸ್ಪ್ರಿಂಕ್ಲರ್ ಜೋಡಿಸೋಣ ಅಂತಿದ್ದೀನಿ. ಆ ಬ್ಲಾಕ್ ಇವತ್ತು ಆಗಿಬಿಟ್ರೆ ಒಳ್ಳೇದು.’ ನಾನು ಬಂಡೆಯಿಂದ ಇಳಿದು ಹೋಗಿ ಮೇಸ್ತ್ರಿಗೆ ಹೇಳಿದ್ದು: ‘ಈ ಬ್ಲಾಕ್ ಇವತ್ತೇ ಮುಗೀಬೇಕಂತೆ.’ ಮೇಸ್ತ್ರಿ ತಮ್ಮ ಜನರಿಗೆ ಹೇಳಿದ್ದು: ‘ಇವತ್ತು ಮುಗಿಸ್ಲೇಬೇಕು, ಸಾವ್ಕಾರ್ರು ಹೇಳವ್ರೆ.’ ಈ ಮೂರು ವಾಕ್ಯಗಳ ನಡುವಿನ ಅಂತರ ಐದು ನಿಮಿಷವೂ ಇರಲಿಲ್ಲ. ಇದರ ಚರ್ಚೆಗೆ ಮುಂದೆ ಬರುತ್ತೇನೆ.

ಹತ್ತು ಗಂಟೆಯ ಸುಮಾರಿಗೆ ಮೊದಲ ಬಾರಿ ಏಣಿಯನ್ನು ಮಲಗಿಸದೆ ಸಾಗಿಸಿದರು. ಪಕ್ಕದ ಮರ ಎಂಟು ಅಡಿ ದೂರದಲ್ಲಿತ್ತು, ಮೇಲೆ ಯಾವ ತಂತಿಯೂ ಇರಲಿಲ್ಲ. 24 ಅಡಿಯ ಏಣಿಯನ್ನು ಕಾಫಿ ಗಿಡಗಳ ಸಂದಿಯಲ್ಲಿ ಮಲಗಿಸಿ, ಹೊತ್ತು, ಮತ್ತೆ ನಿಲ್ಲಿಸಲು ಹಿಡಿಯುವ ಹತ್ತು ನಿಮಿಷಕ್ಕೆ ಹೋಲಿಸಿದರೆ ನಿಂತಂತೆಯೇ ನಾಲ್ಕು ಹೆಜ್ಜೆ ನಡೆಸುವುದು ಅರ್ಧ ನಿಮಿಷದ ಕೆಲಸ. ಎರಡನೆಯ ಬಾರಿ ಹದಿನೈದು ಅಡಿ. ಹನ್ನೊಂದೂವರೆಯ ಹೊತ್ತಿಗೆ ಅದೊಂದು ಪದ್ಧತಿಯೇ ಆಗಿತ್ತು: ಬುಡ ಹಿಡಿಯಲು ಮೂವರು, ತುದಿಗೆ ಕಟ್ಟಿದ ಹಗ್ಗವನ್ನು ಎರಡು ಬದಿಯಿಂದ ಬಿಗಿಹಿಡಿಯಲು ಇಬ್ಬರು, ಚೀಲಗಳನ್ನು ಹೊತ್ತು ಹಿಂದೆ ಬರಲು ಹುಡುಗ. ಯಾರೂ ಇದನ್ನು ಹಂಚಿಕೊಟ್ಟಿರಲಿಲ್ಲ, ತಾನಾಗಿ ಹಂಚಿಕೆಯಾಗಿತ್ತು. ಬುಡ ಹಿಡಿದ ಮೂವರಲ್ಲಿ ಮೇಸ್ತ್ರಿಯೂ ಒಬ್ಬರು.

ಇನ್ನೊಂದು ಸಂಗತಿ. ಬೆಳಿಗ್ಗೆಯಿಂದ ಕರೆಂಟು ಹೋಗಿತ್ತು. ಲೈನ್ ಮನೆಯಲ್ಲಿ ದೀಪ ಉರಿಯದಿದ್ದರೆ ತೋಟದ ನಡುವಿನ ಮಾರ್ಗದಲ್ಲಿಯೂ ವಿದ್ಯುತ್ ಇಲ್ಲವೆಂದು ಅರ್ಥವಲ್ಲ. ಆದರೂ ‘ಕರೆಂಟಿಲ್ಲವಲ್ಲ’ ಎಂಬ ಮಾತು ಅಂದು ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಇತ್ತು. ಹನ್ನೆರಡೂ ಮುಕ್ಕಾಲಿಗೆ ಕೆಳಗಿನ ಕೆರೆಯ ಬಳಿ ಕರೆಂಟು ಬಂದೊಡನೆ ತಾನೇ ಶುರುವಾಗುವಂತೆ ಆಟೋ ಸ್ಟಾರ್ಟರ್ ಹಾಕಿದ್ದ ಮೋಟಾರು ಗೊರ್ ಎಂದು ಸದ್ದು ಮಾಡಿ ಓಡತೊಡಗಿತು. ನಾನು ಕೇಳಿಸಿಕೊಂಡೆ. ಆರು ಜನರೂ ಕೇಳಿಸಿಕೊಂಡರು. ಹುಡುಗ ಮಾತ್ರ ತಲೆಯೆತ್ತಿ ಮೇಸ್ತ್ರಿಯ ಮುಖ ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ನಾನೂ ಆಗ ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದೆ. ಮೇಸ್ತ್ರಿ ನೆಲ ನೋಡುತ್ತಾ ಹೆಜ್ಜೆ ಎಣಿಸುತ್ತಿದ್ದರು. ಏಣಿ ವಿದ್ಯುತ್ ಮಾರ್ಗದ ಆಚೆ ಬದಿಯ ಸಿಲ್ವರ್ ಮರದ ಕಡೆಗೆ ಹೊರಟಿತ್ತು.

‘ತಂತಿ...’ ಎಂದ ಹುಡುಗ. ಯಾರೂ ನಿಲ್ಲಲಿಲ್ಲ. ಅವನು ಎರಡನೆಯ ಸಲ ಹೇಳಲಿಲ್ಲ.

ನಾನು ಪುಸ್ತಕದಲ್ಲಿ ಕೊನೆಯ ಚೀಲದ ತೂಕ ಬರೆಯುತ್ತಿದ್ದೆ. ಬರೆದ ಅಂಕಿ 31 ಕೆಜಿ. ಆ 1ರ ಗೀಟು ಪುಟದ ಅಂಚಿನವರೆಗೂ ಎಳೆದುಹೋಗಿರುವುದನ್ನು ಈಗಲೂ ನೋಡಬಹುದು. ಪೆನ್ನು ಹಾಗೆ ಜಾರಿದ್ದು ಅಜ್ಜಿ ಕೂಗಿದಾಗ: ‘ಏಯ್, ಮಲಗ್ಸ್ರೋ ಏಣೀನಾ! ಕಣ್ಣು ಕಾಣಲ್ವೇನ್ರೋ ನಿಮ್ಗೆ!’ ಅವರ ಕೂಗಿಗೆ ಐದೂ ಜನ ಒಟ್ಟಿಗೇ ನಿಂತರು. ಏಣಿಯ ಮೇಲ್ಭಾಗಕ್ಕೂ ತಂತಿಗೂ ಉಳಿದಿದ್ದ ಅಂತರ ಎರಡು ಮೊಳದಷ್ಟು.

ಹೇಳಿಕೆಗಳು

ಅಂದು ಸಂಜೆ ಗೋದಾಮಿನ ಮುಂದೆ ಎಲ್ಲರನ್ನೂ ಸೇರಿಸಿ ಕೇಳಿದಾಗ ಬಂದದ್ದು ಒಂದೇ ಉತ್ತರ: ‘ಗೊತ್ತಾಗ್ಲಿಲ್ಲ ಸಾರ್.’ ಮುಂದಿನ ವಾರದಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿದಾಗ ಆರರಲ್ಲಿ ನಾಲ್ವರು ತಂತಿಯನ್ನು ನೋಡಿದ್ದಾಗಿ ಹೇಳಿದರು. ಗುಂಪಿನಲ್ಲಿ ಕೇಳಿದ್ದಕ್ಕೂ ಒಂಟಿಯಾಗಿ ಕೇಳಿದ್ದಕ್ಕೂ ಇಷ್ಟು ವ್ಯತ್ಯಾಸ ಬಂದದ್ದೇ ಈ ಪ್ರಕರಣದ ಮೊದಲ ಪುರಾವೆ. ನಾನು ಸಾಹುಕಾರರ ಕಡೆಯವನು, ಕೇಳುವವನ ಸ್ಥಾನವೂ ಉತ್ತರವನ್ನು ಬಗ್ಗಿಸುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಭಾವ ಮೈದುನರಲ್ಲಿ ಹಿರಿಯರು, ತಂತಿ ಕಂಡಿತ್ತು, ಆದರೆ ಮೇಸ್ತ್ರಿಯೂ ಬುಡ ಹಿಡಿದಿದ್ದರಲ್ಲ, ಅವರಿಗೇ ಭಯವಿಲ್ಲದಿದ್ದರೆ ನನಗೇಕೆ ಎಂದುಕೊಂಡೆ ಎಂದರು. ಕಿರಿಯರು ಹೇಳಿದ್ದು ಇನ್ನೂ ಸಣ್ಣದು: ‘ಅಣ್ಣ ಸುಮ್ನಿದ್ರು, ನಾನೂ ಸುಮ್ನಿದ್ದೆ.’ ಅಸ್ಸಾಮಿನವರಲ್ಲಿ ಒಬ್ಬರು ಮೇಲೆ ನೋಡಿಯೇ ಇರಲಿಲ್ಲ. ಮಾತು ಪೂರ್ತಿ ಅರ್ಥವಾಗದ ಊರಿನಲ್ಲಿ ಉಳಿದವರ ಕಾಲು ಎತ್ತ ಹೋಗುತ್ತದೆ ಎಂದು ನೋಡಿಕೊಂಡು ಕೆಲಸ ಮಾಡುವುದು ತಮಗೆ ಅಭ್ಯಾಸವಾಗಿದೆ ಎಂದರು. ಇನ್ನೊಬ್ಬರು ಬೆಳಿಗ್ಗೆಯ ‘ಕರೆಂಟಿಲ್ಲ’ ಎಂಬ ಮಾತನ್ನು ನಂಬಿ ತಂತಿಯ ಯೋಚನೆಯನ್ನೇ ಬಿಟ್ಟಿದ್ದರು. ಹುಡುಗ ಹೇಳಿದ್ದು: ‘ನಾನು ಹೇಳ್ದೆ ಸಾರ್. ಆದ್ರೆ ಮೆಲ್ಲಗೆ ಹೇಳ್ದೆ. ಜೋರಾಗಿ ಹೇಳಿ ಸುಳ್ಳಾದ್ರೆ ಹಂಗಾಮು ಪೂರ್ತಿ ಆಡ್ಕೋತಾರೆ.’

ಮೇಸ್ತ್ರಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ‘ಹತ್ತು ಮರಕ್ಕೆ ಹಾಗೇ ತಂದ್ವಿ, ಏನೂ ಆಗ್ಲಿಲ್ಲ. ಹನ್ನೊಂದನೇದಕ್ಕೆ ಮಲಗ್ಸಿ ಅನ್ನೋಕೆ ಬಾಯೇ ಬರ್ಲಿಲ್ಲ’ ಎಂದರು. ಸಾಹುಕಾರರು ಇವತ್ತೇ ಬೇಕೆಂದು ಹೇಳಿದ್ದರಲ್ಲ ಎಂದೂ ಸೇರಿಸಿದರು. ಹಾಗೆ ಹೇಳಿದ್ದು ಯಾರು ಎಂದು ನಾನು ಕೇಳಿದೆ. ‘ನೀವೇ ತಾನೇ ಸಾರ್ ಬಂದು ಹೇಳಿದ್ದು’ ಎಂದರು. ಅದರಲ್ಲಿ ದೂರು ಇರಲಿಲ್ಲ.

ಭಾವನ ಹೇಳಿಕೆ ಒಂದು ಪ್ರಶ್ನೆ: ‘ನಾನು ಏಣಿ ಎತ್ಕೊಂಡು ಹೋಗಿ ಅಂದಿದ್ನಾ?’ ಅಂದಿರಲಿಲ್ಲ. ಅವತ್ತು ಮುಗಿಯದಿದ್ದರೆ ಸ್ಪ್ರಿಂಕ್ಲರ್ ಸೋಮವಾರ ಹಾಕಬಹುದಿತ್ತು ಎಂದೂ ಹೇಳಿದರು.

ಆಜ್ಞೆ ಎಲ್ಲಿ ಹುಟ್ಟಿತು

ಅಧಿಕಾರಕ್ಕೆ ಮಣಿಯುವುದರ ಬಗ್ಗೆ ಮಾತು ಬಂದರೆ ತರಗತಿಯಲ್ಲಿ ಮೊದಲು ಹೇಳುವುದು ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗಗಳನ್ನು. ಪಕ್ಕದ ಕೋಣೆಯಲ್ಲಿರುವ ವ್ಯಕ್ತಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ಹೆಚ್ಚು ಹೆಚ್ಚು ವಿದ್ಯುತ್ ಆಘಾತ ಕೊಡಬೇಕೆಂದು ಪ್ರಯೋಗ ನಡೆಸುವವನು ಹೇಳುತ್ತಾನೆ. ಆಘಾತ ನಿಜವಾದದ್ದಲ್ಲ, ಆದರೆ ಸ್ವಿಚ್ ಒತ್ತುವವರಿಗೆ ಅದು ತಿಳಿದಿಲ್ಲ. 1963ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟಿನವರೆಗೂ ಹೋದರು. ಈ ಅಂಕಿ ಎಲ್ಲರಿಗೂ ನೆನಪಿರುತ್ತದೆ. ಅಲ್ಲಿನ ಸ್ವಿಚ್‌ಗಳು 15 ವೋಲ್ಟಿನಿಂದ ಶುರುವಾಗಿ ತಲಾ 15ರಂತೆ ಮೂವತ್ತು ಮೆಟ್ಟಿಲಲ್ಲಿ ಏರುತ್ತಿದ್ದವು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ನಮ್ಮ ಪ್ರಕರಣಕ್ಕೆ ಬೇಕಾದದ್ದು ಆ ಮೆಟ್ಟಿಲುಗಳೇ. ಬೆಳಿಗ್ಗೆ ಹತ್ತಕ್ಕೆ ಯಾರಾದರೂ ‘ಬನ್ನಿ, ತಂತಿಯ ಕೆಳಗೆ ಏಣಿ ನಿಲ್ಲಿಸಿಕೊಂಡು ಹೋಗೋಣ’ ಎಂದಿದ್ದರೆ ಆರು ಜನರಲ್ಲಿ ಒಬ್ಬರೂ ಒಪ್ಪುತ್ತಿರಲಿಲ್ಲ. ಎಂಟು ಅಡಿ, ಹದಿನೈದು ಅಡಿ ಎಂದು ಸಾಗಿದಾಗ ಹನ್ನೊಂದನೆಯ ಮರದ ಬಳಿ ನಿಲ್ಲಿಸಬೇಕೆಂದರೆ, ಹಿಂದಿನ ಹತ್ತೂ ಸಲ ಮಾಡಿದ್ದು ತಪ್ಪೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಮೇಸ್ತ್ರಿಗೆ ಬಾಯಿ ಬಾರದೆ ಹೋದದ್ದು ಅಲ್ಲಿ.

ಅದೇ ಸರಣಿಯ ಇನ್ನೊಂದು ಪ್ರಯೋಗದಲ್ಲಿ ಆದೇಶ ಕೊಡುವವನು ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದಾಗ ಕೊನೆಯವರೆಗೆ ಹೋದವರು ಸುಮಾರು ಶೇಕಡ 20ಕ್ಕೆ ಇಳಿದರು. ಅಧಿಕಾರ ದೂರವಾದಷ್ಟೂ ಅದರ ಬಲ ಕುಂದುತ್ತದೆ ಎಂದು ನಾನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಆದರೆ ಈ ತೋಟದಲ್ಲಿ ಫೋನಿನಲ್ಲಿ ಬಂದ ಮಾತು ದೂರ ಸಾಗಿದಷ್ಟೂ ಗಟ್ಟಿಯಾಯಿತು. ‘ಆಗಿಬಿಟ್ರೆ ಒಳ್ಳೇದು’ ಎಂಬ ಆಸೆ ನನ್ನ ಬಾಯಲ್ಲಿ ‘ಮುಗೀಬೇಕಂತೆ’ ಆಯಿತು, ಮೇಸ್ತ್ರಿಯ ಬಾಯಲ್ಲಿ ‘ಮುಗಿಸ್ಲೇಬೇಕು’ ಆಯಿತು. ಕನ್ನಡದ ‘ಅಂತೆ’ ಒಂದು ಅನುಕೂಲದ ಪ್ರತ್ಯಯ: ಮಾತು ನನ್ನದಲ್ಲ ಎಂದು ಹೇಳುತ್ತಲೇ ಮಾತಿನ ಭಾರವನ್ನು ದಾಟಿಸಿಬಿಡುತ್ತದೆ. ಯೇಲ್‌ನ ಪ್ರಯೋಗದಲ್ಲಿ ಫೋನಿನ ಆಚೆ ಬದಿಯಲ್ಲಿದ್ದವನೊಂದಿಗೆ ನೇರವಾಗಿ ಮಾತಾಡಬಹುದಿತ್ತು, ಸುಳ್ಳು ಹೇಳಿ ಕಡಿಮೆ ಸ್ವಿಚ್ ಒತ್ತಬಹುದಿತ್ತು, ಕೆಲವರು ಹಾಗೆ ಮಾಡಿದರು ಕೂಡ. ಇಲ್ಲಿ ಮೇಸ್ತ್ರಿಗೆ ಸಾಹುಕಾರರನ್ನು ‘ಸೋಮವಾರ ಆದ್ರೆ ಆಗುತ್ತಾ?’ ಎಂದು ಕೇಳುವ ದಾರಿಯೇ ಇರಲಿಲ್ಲ. ಇದ್ದ ಒಂದೇ ದಾರಿ ನಾನು, ನಾನು ಆಗಲೇ ಬಂಡೆಯ ಮೇಲೆ ಹೋಗಿ ಕೂತಿದ್ದೆ.

ಇಷ್ಟಾದರೂ ಇದನ್ನು ಬರೀ ವಿಧೇಯತೆ ಎಂದು ಕರೆಯಲು ನನಗೆ ಒಪ್ಪಿಗೆಯಿಲ್ಲ. ಜೆರ್ರಿ ಬರ್ಗರ್ 2009ರಲ್ಲಿ ಪ್ರಕಟಿಸಿದ, ಮಿಲ್‌ಗ್ರಾಮರ ಪ್ರಯೋಗದ ಮಿತಗೊಳಿಸಿದ ಮರುಪ್ರಯೋಗದಲ್ಲಿ ಹಿಂಜರಿದವರಿಗೆ ನಾಲ್ಕು ಹಂತದ ಒತ್ತಾಯದ ಮಾತುಗಳಿದ್ದವು. ‘ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಯಲೇಬೇಕು’ ಎಂಬ ನಾಲ್ಕನೆಯ ಮಾತು ಕೇಳಿದ ಮೇಲೆ ಯಾರೂ ಮುಂದುವರಿಯಲಿಲ್ಲ. ಬರಿಯ ಅಪ್ಪಣೆಗೆ ಜನ ಎದುರು ನಿಲ್ಲುತ್ತಾರೆ. ಕೆಲಸ ನಮ್ಮದು, ಮುಂದಿರುವವನು ನಮ್ಮವನು ಎನಿಸಿದಾಗ ಜೊತೆಗೆ ನಡೆಯುತ್ತಾರೆ. ನಮ್ಮ ಮೇಸ್ತ್ರಿ ನೆರಳಲ್ಲಿ ನಿಂತು ಬೈದು ಕೆಲಸ ಮಾಡಿಸುವವರಲ್ಲ. ಏಣಿಯ ಬುಡಕ್ಕೆ ಮೊದಲು ಕೈ ಹಾಕುವವರು ಅವರೇ. ಒಳ್ಳೆಯ ಮೇಸ್ತ್ರಿ ಎನ್ನಲು ನಾವು ಹೇಳುವ ಗುಣವೇ ಅಂದು ಉಳಿದವರ ಬಾಯಿ ಕಟ್ಟಿತು.

ಇನ್ನು ಗುಂಪಿನ ಮೌನ. ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಗೆರೆಗಳ ಪ್ರಯೋಗದಲ್ಲಿ, ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗೆರೆಯ ಉದ್ದವನ್ನು ಉಳಿದವರೆಲ್ಲ ಬೇಕೆಂದೇ ತಪ್ಪಾಗಿ ಹೇಳಿದಾಗ, ಮುಕ್ಕಾಲು ಪಾಲು ಜನ ಒಮ್ಮೆಯಾದರೂ ತಪ್ಪಿಗೆ ದನಿಗೂಡಿಸಿದರು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಅಂಥ ಸುತ್ತುಗಳಲ್ಲಿ ಬಂದ ಒಟ್ಟು ಉತ್ತರಗಳಲ್ಲಿ ಸುಮಾರು ಮೂರನೇ ಎರಡರಷ್ಟು ಸರಿಯಾಗಿಯೇ ಇದ್ದವು. ಜೊತೆಗೆ ಸರಿಯಾದ ಉತ್ತರ ಹೇಳುವ ಒಬ್ಬನೇ ಒಬ್ಬ ಸಿಕ್ಕಿದರೆ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಆ ಒಬ್ಬ ಬಹುಮತಕ್ಕಿಂತಲೂ ದೊಡ್ಡ ತಪ್ಪು ಹೇಳಿದಾಗಲೂ ಉಳಿದವನಿಗೆ ತನ್ನ ಕಣ್ಣನ್ನು ನಂಬುವ ಧೈರ್ಯ ಬಂದಿತ್ತು. ಹುಡುಗ ‘ತಂತಿ’ ಎಂದಾಗ ಅದನ್ನು ಎರಡನೆಯ ಬಾರಿ ಹೇಳಬಹುದಾಗಿದ್ದವರು ಏಣಿಯ ಬುಡದಲ್ಲೇ ಮೂವರಿದ್ದರು. ಪ್ರತಿಯೊಬ್ಬರೂ ಉಳಿದವರ ಮೌನವನ್ನು ‘ಅಪಾಯವಿಲ್ಲ’ ಎಂದು ಓದಿಕೊಂಡರು, ಮತ್ತು ತಮ್ಮ ಮೌನವೂ ಹಾಗೆಯೇ ಓದಲ್ಪಡುತ್ತಿದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಮೋಟಾರಿನ ಸದ್ದಿನದು ಇದೇ ಕಥೆ. 1968ರಲ್ಲಿ ಮನಶ್ಶಾಸ್ತ್ರಜ್ಞರಾದ ಲಟಾನೆ ಮತ್ತು ಡಾರ್ಲಿ ಕೋಣೆಯೊಂದಕ್ಕೆ ಹೊಗೆ ಬಿಟ್ಟು ನೋಡಿದರು. ಒಂಟಿಯಾಗಿ ಕೂತವರಲ್ಲಿ ಶೇಕಡ 75ರಷ್ಟು ಮಂದಿ ಎದ್ದುಹೋಗಿ ತಿಳಿಸಿದರು. ಹೊಗೆಯನ್ನು ಗಮನಿಸದಂತೆ ನಟಿಸುವ ಇಬ್ಬರ ಜೊತೆ ಕೂತವರಲ್ಲಿ ಶೇಕಡ 10 ಮಾತ್ರ. ಆ ಹೊಗೆಯ ಕೋಣೆಯ ಚಿತ್ರವನ್ನು ನಾನು ಹನ್ನೊಂದು ವರ್ಷದಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೇನೆ. ಮೋಟಾರು ಓಡತೊಡಗಿದಾಗ ಕರೆಂಟು ಬಂತೆಂದು ನನಗೆ ಗೊತ್ತಾಯಿತು, ತಂತಿಯೂ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಅನುಭವದ ಮೇಸ್ತ್ರಿಗೆ ಮೇಷ್ಟ್ರೊಬ್ಬ ಏಣಿಯ ವಿಷಯ ಹೇಳಿಕೊಡುವುದೇ ಎಂದು ನಾನು 31 ಕೆಜಿ ಬರೆಯಲು ತಲೆ ತಗ್ಗಿಸಿದೆ. ಸಿದ್ಧಾಂತ ತಿಳಿದಿರುವುದು ಬೇರೆ, ಆ ಹೊತ್ತಿಗೆ ಬಾಯಿ ತೆರೆಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನ್ನಲ್ಲಿಲ್ಲ.

ಅಜ್ಜಿಗೆ ಯಾಕೆ ಸಾಧ್ಯವಾಯಿತು? ಅವರು ಆ ಏಣಿಯ ಗುಂಪಿನವರಲ್ಲ. ಬೆಳಿಗ್ಗೆಯ ಹತ್ತು ಮರಗಳ ಅಭ್ಯಾಸ ಅವರಿಗೆ ಆಗಿರಲಿಲ್ಲ, ತಗ್ಗಿನಿಂದ ತಲೆಯೆತ್ತಿದವರಿಗೆ ಏಣಿ ಮತ್ತು ತಂತಿ ಒಟ್ಟಿಗೇ ಕಂಡವು. ಮೇಸ್ತ್ರಿಯನ್ನು ಅವರು ಚಡ್ಡಿ ಹಾಕುವ ಕಾಲದಿಂದ ಬಲ್ಲರು. ಅಜ್ಜಿಗೆ ದಿನಗೂಲಿ, ಉಳಿದವರಿಗೆ ಕೊಯ್ದ ಮೆಣಸಿನ ಕೆಜಿ ಲೆಕ್ಕ. ಈ ಕೊನೆಯ ಕಾರಣವನ್ನು ನಮ್ಮ ಶಾಸ್ತ್ರದವರು ಮರೆಯುವುದು ಹೆಚ್ಚು. ಮಲಗಿಸಿ ಎತ್ತುವ ಹತ್ತು ನಿಮಿಷಕ್ಕೆ ಆ ಐದು ಜನರ ಕೂಲಿಯಿಂದ ಕಾಸು ಕಳೆಯುತ್ತಿತ್ತು. ಅದನ್ನು ಬಿಟ್ಟು ಮನಸ್ಸಿನ ಲೆಕ್ಕ ಮಾತ್ರ ಬರೆದರೆ ಈ ವರದಿ ಅರ್ಧ ಸುಳ್ಳಾಗುತ್ತದೆ.

ಇದನ್ನು ಕೇಳಿದ ಕೆಲವರು, ಕೊಡಗು ಸೈನಿಕರ ನಾಡು, ಹಿರಿಯರ ಕಾಲು ಮುಟ್ಟಿ ಬೆಳೆದ ಜನ, ಎದುರಾಡುವುದು ಇಲ್ಲಿನ ರೂಢಿಯಲ್ಲ ಎಂದು ವಿವರಿಸಿದರು. ನನಗೆ ಆ ವಿವರಣೆ ಸೋಮಾರಿಯದೆನಿಸುತ್ತದೆ. ಏಣಿ ಹಿಡಿದವರಲ್ಲಿ ಇಬ್ಬರು ಬ್ರಹ್ಮಪುತ್ರೆಯ ಕಡೆಯವರು, ಕೂಗಿದ ಅಜ್ಜಿ ಇದೇ ಮಣ್ಣಿನವರು.

ಆಮೇಲೆ

ತಂತಿಯ ಎರಡು ಬದಿಯ ಮರಗಳಿಗೆ ಭಾವ ಕೆಜಿ ಲೆಕ್ಕ ತೆಗೆದು ದಿನಗೂಲಿ ಮಾಡಿದರು, ಅಲ್ಲಿಗೆ ಹಳೆಯ ಬಿದಿರಿನ ಏಣಿ ಮಾತ್ರ ಎಂದು ಗೊತ್ತು ಮಾಡಿದರು. ಗೋಡೆಯ ಕೆಂಪು ಅಕ್ಷರಗಳಿಗೆ ಹೊಸ ಬಣ್ಣ ಬಳಿಸುವುದು ಬೇಡವೆಂದು ನಾನು ಹೇಳಿದೆ. ಫೋನಿನ ಮಾತನ್ನು ಈಗ ಮೇಸ್ತ್ರಿಯೇ ಬಂಡೆ ಹತ್ತಿ ಕೇಳಿಸಿಕೊಳ್ಳುತ್ತಾರೆ.

ಇನ್ನೊಂದು ಕಟ್ಟಳೆಯನ್ನು ಮೇಸ್ತ್ರಿಯೇ ಸೂಚಿಸಿದ್ದು: ಏಣಿಯ ಜೊತೆಗಿರುವ ಯಾರೇ ಆಗಲಿ ‘ಮಲಗ್ಸಿ’ ಎಂದರೆ ಯಾಕೆಂದು ಕೇಳದೆ ಮಲಗಿಸಬೇಕು. ಮೊದಲ ವಾರ ಯಾರೂ ಆ ಮಾತನ್ನು ಬಳಸಲಿಲ್ಲ. ಎರಡನೆಯ ವಾರ ಮೇಲಿನ ಬ್ಲಾಕಿನಲ್ಲಿ, ಸುತ್ತ ಎಲ್ಲೂ ತಂತಿಯಿಲ್ಲದ ಕಡೆ, ಮರಕ್ಕೆ ಒರಗಿಸಿದ್ದ ಏಣಿಯನ್ನು ಸ್ವಲ್ಪ ಸರಿಸಿಕೊಳ್ಳುವಾಗ ಹುಡುಗ ಒಮ್ಮೆಲೇ ‘ಮಲಗ್ಸಿ!’ ಎಂದ. ಸಿಲ್ವರ್ ಮರದ ಒಣಗಿದ ಕೊಂಬೆಯ ನೆರಳು ಅವನಿಗೆ ತಂತಿಯ ಹಾಗೆ ಕಂಡಿತ್ತಂತೆ. ಹಗ್ಗ ಹಿಡಿದಿದ್ದ ಇಬ್ಬರು ನಕ್ಕುಬಿಟ್ಟರು. ಮೇಸ್ತ್ರಿ ನಗಲೂ ಇಲ್ಲ, ತಲೆಯೆತ್ತಿ ನೋಡಲೂ ಇಲ್ಲ. ಬುಡಕ್ಕೆ ಕಾಲು ಕೊಟ್ಟು, ಏಣಿಯನ್ನು ಕಾಫಿ ಗಿಡಗಳ ಸಾಲಿನ ನಡುವೆ ಉದ್ದಕ್ಕೆ ಮಲಗಿಸಿದರು.